ಅನ್ನೂರಿನ ಬೀದಿಯಲ್ಲಿ ನನ್ನ ತಾಯಿಯ ಸಾವು

ಅನ್ನೂರು

ನಾನು ಕನ್ನಡ ಕಲಿತದ್ದು ತಮಿಳುನಾಡಿನಲ್ಲಿ. ಈಗ ಮೈಸೂರಿನಲ್ಲಿ ನನ್ನ ಜೊತೆ ಓದುವವರಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ. ಆಮೇಲೆ ನನ್ನ ಮಾತಿನ ರಾಗ ಕೇಳಿ ಹೌದಿರಬೇಕು ಎನ್ನುತ್ತಾರೆ. ನನ್ನ ಹೆಸರು ಮಸಾಂಜ. ಟಾಂಜಾನಿಯಾದ ಶಿನ್ಯಾಂಗ ಸೀಮೆಯ ಒಂದು ಹತ್ತಿ ಬೆಳೆಯುವ ಹಳ್ಳಿಯಿಂದ ಫೋಟೊಗ್ರಫಿ ಓದಲೆಂದು ಕೊಯಮತ್ತೂರಿಗೆ ಬಂದವನು. ಬರಹದ ಕನ್ನಡವನ್ನು ಮೈಸೂರು ತಿದ್ದಿತು, ಬಾಯಿಯ ಕನ್ನಡ ಮಾತ್ರ ಇನ್ನೂ ಅನ್ನೂರಿನದೇ. ಅಲ್ಲಿದ್ದ ಕೊನೆಯ ವರ್ಷ ಕ್ಯಾಮರಾ ಹೊತ್ತು ಹೊರಟ ಒಂದು ಪ್ರವಾಸದ ಕಥೆ ಇದು. ಮೂರು ಊರು ನೋಡಬೇಕೆಂದು ಹೊರಟೆ. ಎರಡನ್ನೂ ಸರಿಯಾಗಿ ನೋಡಲಿಲ್ಲ.

ಮೊದಲು ಅನ್ನೂರಿಗೆ ಹೇಗೆ ಬಂದೆ ಎನ್ನುವುದನ್ನು ಹೇಳಬೇಕು. ಮೊದಲ ವರ್ಷ ಕಾಲೇಜಿನ ಹಾಸ್ಟೆಲಿನಲ್ಲಿದ್ದೆ. ಆಮೇಲೆ ಕೋಣೆ ಹುಡುಕಲು ಶುರು ಮಾಡಿದೆ. ಬಾಡಿಗೆಗೆ ಇದೆ ಎಂಬ ಬೋರ್ಡು ನಾನು ಗೇಟು ತಟ್ಟುವವರೆಗೂ ಇರುತ್ತಿತ್ತು. ಬಾಗಿಲು ತೆರೆದವರು ನನ್ನ ಮುಖ ನೋಡಿ, ಈಗತಾನೆ ಯಾರೋ ಅಡ್ವಾನ್ಸ್ ಕೊಟ್ಟು ಹೋದರು ಎನ್ನುತ್ತಿದ್ದರು. ಮರುದಿನ ಅದೇ ದಾರಿಯಲ್ಲಿ ಹೋದರೆ ಬೋರ್ಡು ಅಲ್ಲೇ ತೂಗುತ್ತಿತ್ತು. ಸುಮ್ಮನೆ ನಕ್ಕು ಮುಂದೆ ಹೋಗುವುದನ್ನು ಕಲಿತೆ. ಕಲಿತೆ ಎನ್ನುವುದು ಸುಳ್ಳು, ಮುಂದಿನ ಗೇಟು ತಟ್ಟುವ ಮೊದಲು ಪ್ರತಿಸಲವೂ ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದೆ. ಹೀಗೆ ತಿರುಗಿ ತಿರುಗಿ ಕೊನೆಗೆ ಊರಾಚೆ ಅನ್ನೂರಿನ ಕಡೆಯ ಒಂದು ಮಗ್ಗದ ಬೀದಿಗೆ ಬಂದು ನಿಂತೆ.

ಆ ಮನೆಯ ಯಜಮಾನ ರಂಗಣ್ಣ. ಮಾತು ಬಹಳ ಕಡಿಮೆ. ಮಗ್ಗದ ಸದ್ದಿನಲ್ಲಿ ಬೆಳೆದವರು ಕೈಸನ್ನೆಯಲ್ಲೇ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಅವರು ನನ್ನನ್ನು ನೋಡಿ ಕೈ ಅಡ್ಡ ಆಡಿಸಿ ಆಗಿತ್ತು. ಅಷ್ಟರಲ್ಲಿ ಒಳಗಿನಿಂದ ಅವರ ತಾಯಿ ಬಂದರು. ಬೀದಿಗೆಲ್ಲ ಅವರು ಅವ್ವ. ಮೂರು ಪ್ರಶ್ನೆ ಕೇಳಿದರು. ಸೊಸೆ ಮಂಜುಳಕ್ಕ ಇಂಗ್ಲಿಷಿಗೆ ತಿರುಗಿಸಿದರು. ಕುಡೀತೀಯಾ? ಅಡುಗೆ ಮಾಡಿಕೊಳ್ಳಲು ಬರುತ್ತದಾ? ತಾಯಿ ಇದ್ದಾಳಾ? ಮೂರನೆಯದಕ್ಕೆ ಇದ್ದಾಳೆ ಎಂದೆ. ಅವ್ವ ಮಗನ ಕಡೆ ತಿರುಗಿ, "ತಾಯಿ ಇರೋ ಪುಳ್ಳೆ ಡಾ. ಮೇಲೆ ರೂಮು ಕೊಡು" ಎಂದರು. ಪುಳ್ಳೆ ಎಂದರೆ ಅಲ್ಲಿ ಮಗು. ನನಗಾಗ ಇಪ್ಪತ್ತೆರಡು ವರ್ಷ, ಆರಡಿ ಎತ್ತರ.

ಆ ಬೀದಿಯಲ್ಲಿ ಎಲ್ಲರೂ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎಷ್ಟು ತಲೆಮಾರಿನ ಹಿಂದೆ ಬಂದರೋ ಅವರಿಗೇ ತಿಳಿಯದು. ಕನ್ನಡ ಓದಲು ಯಾರಿಗೂ ಬರುತ್ತಿರಲಿಲ್ಲ. ಮಂಜುಳಕ್ಕ ಮಾತ್ರ ಕೊಳ್ಳೇಗಾಲದಿಂದ ಮದುವೆಯಾಗಿ ಬಂದವರು. ತನ್ನ ಮಗಳು ಅಕ್ಷರ ಕಲಿಯದೆ ಹೋದಾಳು ಎಂದು ಸಂಜೆ ಸ್ಲೇಟು ಹಿಡಿದು ಕೂರಿಸುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಆರು ತಿಂಗಳಲ್ಲಿ ಆ ಮನೆಯಲ್ಲಿ ಕನ್ನಡ ಓದಬಲ್ಲವರು ಇಬ್ಬರಾದೆವು, ಕೊಳ್ಳೇಗಾಲದವರೊಬ್ಬರು, ಶಿನ್ಯಾಂಗದವನೊಬ್ಬ. ಮಗಳು ಇನ್ನೂ ಕಾಗುಣಿತದಲ್ಲಿ ಕುಂಟುತ್ತಿದ್ದಳು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಟ್ಟೆ ಮಾಡುವ ಕೈಗಳ ಫೋಟೊ ತೆಗೆಯುವುದು ಎಂದು ನಿಶ್ಚಯಿಸಿದ್ದೆ. ಮನೆಯ ಮಗ್ಗಗಳದ್ದು ಆಗಿತ್ತು. ಉಳಿದದ್ದು ತಿರುಪ್ಪೂರಿನ ಬನಿಯನ್ ಕಂಪನಿ, ಉಡುಮಲೈಪೇಟೆಯ ಹತ್ತಿ ಹೊಲ, ಮತ್ತೆ ಪ್ರಾಜೆಕ್ಟಿಗೆ ಸೇರದಿದ್ದರೂ ನನ್ನ ಆಸೆಗೆಂದು ಆನೈಮಲೈಯ ಗುಡಿ. ಹೊರಡುವಾಗ ಒಂದು ಕೆಲಸ ಅರ್ಧಕ್ಕೆ ನಿಂತಿತ್ತು. ವಿದೇಶಿ ವಿದ್ಯಾರ್ಥಿಗಳು ಇಲ್ಲಿ ಇರಲು ಬೇಕಾದ ವಾಸದ ಪರವಾನಗಿ ನನ್ನದು ಮುಗಿದು ಎರಡು ವಾರವಾಗಿತ್ತು. ಮುಗಿಯುವ ಮೊದಲೇ ಅರ್ಜಿ ಹಾಕಬೇಕು. ನಾನು ಫೋಟೊದ ಗುಂಗಿನಲ್ಲಿ ಮುಗಿದ ಮೇಲೆ ಹಾಕಿದ್ದೆ. ಹೊಸದು ಕೈಗೆ ಬರುವವರೆಗೆ ದೇಶ ಬಿಟ್ಟು ಹೋಗುವಂತಿರಲಿಲ್ಲ. ಹೋಗುವ ಕೆಲಸವೇನಿದೆ ಎಂದುಕೊಂಡು ಚೀಲ ಹೆಗಲಿಗೇರಿಸಿದೆ.

ತಿರುಪ್ಪೂರು

ಈ ಜಿಲ್ಲೆಗಳಲ್ಲಿ ನಾನು ತೆಗೆದ ಫೋಟೊಗಳಿಗಿಂತ ಜನ ನನ್ನದನ್ನು ತೆಗೆದದ್ದೇ ಹೆಚ್ಚು. ತಿರುಪ್ಪೂರಿನ ಬಸ್ಸಿನಲ್ಲಿ ಮುಂದಿನ ಸೀಟಿನವನು ತನ್ನ ಮುಖ ತೆಗೆದುಕೊಳ್ಳುವವನಂತೆ ಫೋನು ಎತ್ತಿ ಹಿಡಿದ. ಅದರ ಮೂಲೆಯಲ್ಲಿ ನಾನಿದ್ದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಒಂದು ಉಪಾಯ ಕಂಡುಕೊಂಡೆ. ನಾನೇ ಎದ್ದು ಹೋಗಿ ಪಕ್ಕದಲ್ಲಿ ನಿಂತು, ಸರಿಯಾಗಿ ತೆಗೆಯಿರಿ ಎನ್ನುವುದು. ನಾಚಿಕೊಂಡು ನಗುತ್ತಾರೆ, ತೆಗೆಯುತ್ತಾರೆ. ಈಗ ನನ್ನ ಸರದಿ ಎಂದು ಕ್ಯಾಮರಾ ಎತ್ತಿದರೆ ಬೇಡವೆನ್ನುವವರು ಯಾರೂ ಇಲ್ಲ. ನನ್ನ ಒಳ್ಳೆಯ ಫೋಟೊಗಳು ಅರ್ಧಕ್ಕರ್ಧ ಹೀಗೇ ಸಿಕ್ಕವು.

ರಂಗಣ್ಣನ ಪರಿಚಯದವರ ಬನಿಯನ್ ಕಂಪನಿಯೊಂದರಲ್ಲಿ ಒಳಗೆ ಬಿಟ್ಟರು. ಉದ್ದದ ಮೇಜಿನ ಮೇಲೆ ಹೆಂಗಸರು ಟೀ ಶರ್ಟುಗಳನ್ನು ಒಂದೊಂದಾಗಿ ತಿರುಗಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಬಿಟ್ಟ ನೂಲನ್ನು ಪುಟ್ಟ ಕತ್ತರಿಯಿಂದ ಕತ್ತರಿಸಿ ಬದಿಗಿಡುತ್ತಿದ್ದರು. ಅವರ ಕಣ್ಣಿಗಿಂತ ಬೆರಳು ಮೊದಲು ತಪ್ಪನ್ನು ಹಿಡಿಯುತ್ತಿತ್ತು. ಒಬ್ಬಾಕೆ ತಮಿಳಿನಲ್ಲಿ ಯಾವ ಊರೆಂದು ಕೇಳಿದಳು. ಹೇಳಿದೆ.

"ಅದು ಕೇರಳದ ಆಚೆಯಾ?"

"ಆಚೆಯೇ. ನಡುವೆ ಸಮುದ್ರ ಇದೆ."

"ಅಲ್ಲಿಂದ ಇಲ್ಲಿಗೆ ಬಂದು ನಮ್ಮ ಕೈ ಫೋಟೊ ತೆಗೀತೀಯಾ? ಮುಖ ಚೆನ್ನಾಗಿಲ್ಲವಾ?"

ಮೇಜಿನ ಉದ್ದಕ್ಕೂ ನಗು ಹರಿಯಿತು. ಆಮೇಲೆ ಅವರೆಲ್ಲರ ಮುಖದ್ದೂ ತೆಗೆಯಬೇಕಾಯಿತು. ಒಡಿಶಾದಿಂದ ಬಂದ ಒಬ್ಬ ಹುಡುಗಿ ತನ್ನದನ್ನು ಆಗಲೇ ಫೋನಿಗೆ ಹಾಕಿಸಿಕೊಂಡು ಅಮ್ಮನಿಗೆ ಕಳಿಸಿದಳು. ಉತ್ತರ ಬಂತೇ ಎಂದು ಐದೈದು ನಿಮಿಷಕ್ಕೆ ನೋಡುತ್ತಿದ್ದಳು.

ನಮ್ಮ ಸೀಮೆಯಲ್ಲಿ ಹತ್ತಿ ಬೆಳೆಯುತ್ತೇವೆ, ಬಟ್ಟೆ ಮಾತ್ರ ಹಡಗಿನಲ್ಲಿ ಬರುತ್ತದೆ. ಯಾರೋ ಉಟ್ಟು ಬಿಟ್ಟ ಬಟ್ಟೆಗಳ ದೊಡ್ಡ ದೊಡ್ಡ ಮೂಟೆ. ಸಂತೆಯಲ್ಲಿ ಮೂಟೆ ಒಡೆಯುವ ದಿನ ಅಮ್ಮ ಬೆಳಗ್ಗೆಯೇ ಹೋಗಿ ನಮ್ಮೆಲ್ಲರಿಗೂ ಆರಿಸಿ ತರುತ್ತಿದ್ದಳು. ಆ ಅಂಗಿಗಳ ಕೊರಳಪಟ್ಟಿಯಲ್ಲಿ ದೂರದೂರದ ದೇಶಗಳ ಹೆಸರಿರುತ್ತಿತ್ತು. ಇದನ್ನೇ ಹೇಳೋಣವೆಂದು ಆ ಸಂಜೆ ಅಮ್ಮನಿಗೆ ಫೋನು ಮಾಡಿದೆ. ಅಂಗಿಗಳ ತವರುಮನೆಗೆ ಬಂದಿದ್ದೇನೆ ಅಂದೆ. ಅವಳಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. "ಊರವರ ಫೋಟೊ ಎಲ್ಲ ಕಳಿಸ್ತೀಯ. ನಿನ್ನದು ಒಂದು ಕಳಿಸು. ಸಣ್ಣಗಾಗಿದ್ದೀಯೋ ಏನೋ ನೋಡಬೇಕು" ಎಂದಳು. ನಾಳೆ ಕಳಿಸುತ್ತೇನೆ ಎಂದೆ. ಅವಳ ದನಿಯಲ್ಲಿ ದಣಿವಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಹಾಗೇನೂ ಅನ್ನಿಸಿರಲಿಲ್ಲ, ಅದೇ ನಿಜ.

ಉಡುಮಲೈಪೇಟೆ

ಉಡುಮಲೈಯ ದಾರಿಯಲ್ಲಿ ತೆಂಗಿನ ತೋಟಗಳ ಮೇಲೆ ಗಾಳಿಯಂತ್ರಗಳ ರೆಕ್ಕೆ ತಿರುಗುತ್ತವೆ. ನಾನು ಹೋದ ಹೊಲ ಊರಿನಿಂದ ಸ್ವಲ್ಪ ದೂರ. ಅದನ್ನು ಮಾಡುತ್ತಿದ್ದ ಗಂಡಹೆಂಡತಿಯೂ ಮನೆಮಾತಿನಲ್ಲಿ ಕನ್ನಡದವರೇ. ನಾನು ಕನ್ನಡದಲ್ಲಿ ನಮಸ್ಕಾರ ಎಂದಾಗ ಆ ಗಂಡಸು ತನ್ನ ಹಿಂದೆ ಬೇರೆ ಯಾರೋ ಮಾತಾಡಿದರೆಂದು ತಿರುಗಿ ನೋಡಿದ. ಹೆಂಡತಿಗೆ ಅದೇ ಒಂದು ಹಬ್ಬವಾಯಿತು. "ಇಂಗೆ ನಮ್ ಪುಳ್ಳೆಗಳೇ ಮಾತಾಡದಿಲ್ಲ. ಇವ್ನ ಪಾರು, ಎಷ್ಟು ಚಂದ ಮಾತಾಡ್ತಾನೆ" ಎಂದು, ನೋಡು ಎನ್ನುವುದನ್ನು ತಮಿಳಿನಲ್ಲೇ ಹೇಳಿ, ಗಂಡನಿಗೆ ತೋರಿಸಿದಳು.

ಹತ್ತಿ ಒಡೆದಿತ್ತು. ಕೂಲಿಯ ಹೆಂಗಸರು ಸೊಂಟಕ್ಕೆ ಸೀರೆಯ ಚೀಲ ಕಟ್ಟಿಕೊಂಡು ಬಿಡಿಸುತ್ತಿದ್ದರು. ಸ್ವಲ್ಪ ಹೊತ್ತು ಫೋಟೊ ತೆಗೆದೆ. ಆಮೇಲೆ ಕೈ ಸುಮ್ಮನಿರದೆ ಕ್ಯಾಮರಾ ಬೆನ್ನಿಗೆ ಸರಿಸಿ ನಾನೂ ಬಿಡಿಸತೊಡಗಿದೆ. ಎರಡು ಕೈಯಲ್ಲಿ ಎರಡು ಗಿಡ, ತರಗು ತಾಗದ ಹಾಗೆ ಐದು ಬೆರಳು ಕೂಡಿಸಿ ಒಂದೇ ಎಳೆತ. ಅಮ್ಮ ಕಲಿಸಿದ್ದು ಹಾಗೆ. ತರಗು ಸೇರಿದರೆ ಹತ್ತಿ ಕೊಳ್ಳುವವನು ಮೂಗು ಮುರಿಯುತ್ತಾನೆ ಎಂದು ಕೈಮೇಲೆ ಹೊಡೆಯುತ್ತಿದ್ದಳು.

"ನಿಮ್ಮೂರಲ್ಲೂ ಹತ್ತಿ ಉಂಟಾ?" ಎಂದಳು ಹೊಲದ ಯಜಮಾನಿ.

"ಉಂಟು. ನಮ್ಮವ್ವ ನನಗಿಂತ ಬೇಗ ಬಿಡಿಸ್ತಾಳೆ."

ಹೀಗೆ ಹೇಳಿ ಬಹಳ ಹೊತ್ತಾಗಿರಲಿಲ್ಲ, ಫೋನು ಬಂತು. ಸೋದರಮಾವ. ನಮ್ಮಲ್ಲಿ ಹಿರಿಯರೊಂದಿಗೆ ಮಾತು ಶುರು ಮಾಡುವಾಗ ಮೊದಲು ಶಿಕಾಮೂ ಎನ್ನಬೇಕು. ನಿಮ್ಮ ಕಾಲು ಹಿಡಿಯುತ್ತೇನೆ ಎಂದು ಅರ್ಥ. ನೀವು ಬಗ್ಗಿ ಮುಟ್ಟುವುದನ್ನು ನಾವು ಬಾಯಲ್ಲಿ ಮಾಡುತ್ತೇವೆ. ನಾನು ಶಿಕಾಮೂ ಅಂದೆ. ಮಾವ ಅದಕ್ಕೆ ಕೊಡಬೇಕಾದ ಉತ್ತರ ಕೊಡಲಿಲ್ಲ. ಬೆಳಗ್ಗೆ ಅಮ್ಮ ಏಳಲಿಲ್ಲ ಎಂದರು. ತಂಗಿ ರೆಹೆಮಾ ಗಂಜಿ ತೆಗೆದುಕೊಂಡು ಹೋಗಿ ಎಬ್ಬಿಸಿದಳಂತೆ. ಆಸ್ಪತ್ರೆಗೆ ಒಯ್ದರಂತೆ. ಅಲ್ಲಿನವರು ನೋಡಿ, ರಾತ್ರಿಯೇ ಹೋಗಿದ್ದಾರೆ ಎಂದರಂತೆ.

"ನೀನು ಹಿರಿಯ ಮಗ. ಮೊದಲ ಮಣ್ಣು ನಿನ್ನದು. ನೀನು ಬರುವವರೆಗೆ ಕಾಯುತ್ತೇವೆ" ಎಂದರು ಮಾವ. "ಯಾವಾಗ ಬರುತ್ತೀಯ?"

ಪರವಾನಗಿಯ ವಿಷಯ ಆ ಕ್ಷಣದಲ್ಲೇ ನೆನಪಾಯಿತು. ಮರೆತಿದ್ದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ. ನೆನಪಿದ್ದೂ, "ಬರುತ್ತೇನೆ ಮಾವ. ಎರಡು ದಿನ ಕಾಯಿರಿ" ಎಂದೆ. ಬರಲಾಗುವುದಿಲ್ಲ ಎಂದು ಹೇಳುವ ಬಾಯಿ ನನಗಿರಲಿಲ್ಲ.

ಹತ್ತಿಯ ಸಾಲಿನ ನಡುವೆ ಹಾಗೇ ಕುಳಿತುಬಿಟ್ಟೆ. ಆ ಹೆಂಗಸು ಬಂದಳು. ನಾನು ಫೋನಿನಲ್ಲಿ ಆಡಿದ ಸ್ವಾಹಿಲಿಯ ಒಂದು ಮಾತೂ ಅವಳಿಗೆ ತಿಳಿದಿರಲಿಕ್ಕಿಲ್ಲ. "ಅವ್ವನಾ?" ಎಂದು ಮಾತ್ರ ಕೇಳಿದಳು. ತಲೆಯಾಡಿಸಿದೆ. ಒಂದು ಚೊಂಬು ನೀರು ತಂದು ನನ್ನ ಮುಂದಿಟ್ಟು, ಹತ್ತು ಮಾರು ದೂರದ ಬದುವಿನ ಮೇಲೆ ಹೋಗಿ ಕೂತಳು. ನಾನು ಏಳುವವರೆಗೆ ಅವಳ ಕೆಲಸ ಅಲ್ಲೇ ನಿಂತಿತ್ತು.

ಬಸ್ ನಿಲ್ದಾಣದಿಂದ ಮಂಜುಳಕ್ಕನಿಗೆ ಫೋನು ಮಾಡಿ ತಿಳಿಸಿದೆ. ಅಕ್ಕ ಅಳತೊಡಗಿದರು. ನನಗೆ ಅಳು ಬರಲಿಲ್ಲ.

ಆನೈಮಲೈ

ಆನೈಮಲೈಗೆ ನಾನು ಹೋಗಲಿಲ್ಲ. ಪೊಳ್ಳಾಚಿಯಲ್ಲಿ ಬಸ್ಸು ಬದಲಿಸುವಾಗ ಪಕ್ಕದಲ್ಲೇ ಆನೈಮಲೈಯ ಬಸ್ಸು ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ. ಅಲ್ಲಿಯ ಮಾಸಾಣಿ ಅಮ್ಮನ ಗುಡಿಯಲ್ಲಿ ಅನ್ಯಾಯಕ್ಕೊಳಗಾದವರು ಕಲ್ಲಿನ ಮೇಲೆ ಮೆಣಸಿನಕಾಯಿ ಅರೆದು, ಅನ್ಯಾಯ ಮಾಡಿದವನಿಗೆ ತಟ್ಟಲಿ ಎಂದು ಬೇಡಿಕೊಳ್ಳುತ್ತಾರೆ. ಆ ಕೈಗಳ ಫೋಟೊ ಬೇಕೆಂದು ಒಂದು ವರ್ಷದಿಂದ ಆಸೆಪಟ್ಟಿದ್ದೆ. ಒಳಗೆ ತೆಗೆಯಲು ಬಿಡುವುದಿಲ್ಲ ಎಂದು ಅವ್ವ ಹೇಳಿದ್ದರೂ, ಕೇಳಿ ನೋಡೋಣ ಎಂದುಕೊಂಡಿದ್ದೆ.

ಆ ಬಸ್ಸನ್ನೇ ನೋಡುತ್ತ ನಿಂತೆ. ಹೋಗಿ ನಾನೂ ಮೆಣಸಿನಕಾಯಿ ಅರೆಯಬೇಕು ಅನ್ನಿಸಿತು. ಯಾರ ಮೇಲೆ ಅರೆಯುವುದು? ಅರ್ಜಿಗೆ ತಡ ಮಾಡಿದವನು ನಾನು. ಮಾವನಿಗೆ ಸುಳ್ಳು ಹೇಳಿದವನು ನಾನು. ಬೇರೆ ಯಾರ ಹೆಸರೂ ನೆನಪಾಗಲಿಲ್ಲ. ಕೊಯಮತ್ತೂರಿನ ಬಸ್ಸು ಬಂದಾಗ ಹತ್ತಿ ಕೂತೆ.

ಕೊಯಮತ್ತೂರು

ಆ ರಾತ್ರಿ ಸಹಪಾಠಿಯೊಬ್ಬನ ಕೋಣೆಯಲ್ಲಿದ್ದು, ಬೆಳಗ್ಗೆ ಪರವಾನಗಿ ಕೊಡುವ ಕಚೇರಿ ತೆರೆಯುವ ಹೊತ್ತಿಗೆ ಬಾಗಿಲಲ್ಲಿದ್ದೆ. ಮೇಜಿನ ಹಿಂದಿದ್ದ ಅಧಿಕಾರಿ ವಯಸ್ಸಾದ ಹೆಂಗಸು. ಜೋರು ಮಾಡುತ್ತಾರೆ ಎಂದು ಹೆದರಿದ್ದೆ, ಮಾಡಲಿಲ್ಲ. ಅರ್ಜಿಯನ್ನು ಕಂಪ್ಯೂಟರಿನಲ್ಲಿ ಎರಡು ಸಲ ನೋಡಿದರು. ನಿಂತೇ ಎಲ್ಲಿಗೋ ಫೋನು ಮಾಡಿದರು. ನಾನು ಮೊದಲೇ ಹಾಕಿದ್ದರೆ ಈ ಹೊತ್ತಿಗೆ ಬಂದಿರುತ್ತಿತ್ತು ಎಂದರು. ಈಗ ಎಷ್ಟು ಅವಸರ ಮಾಡಿದರೂ ಒಂದು ವಾರ, ಅದಕ್ಕೆ ಮೊದಲು ವಿಮಾನ ಹತ್ತಲು ಬಿಡುವುದಿಲ್ಲ ಎಂದರು. "ಮನಸು ಗಟ್ಟಿ ಮಾಡ್ಕೊ ತಂಬಿ" ಎಂದು ತಮ್ಮನಿಗೆ ಹೇಳುವಂತೆ ತಮಿಳಿನಲ್ಲಿ ಹೇಳಿ, ತಾಯಿಯ ಹೆಸರೇನು ಎಂದು ಕೇಳಿದರು. ಯಾವ ಫಾರಮಿಗೂ ಅಲ್ಲ, ಸುಮ್ಮನೆ ಕೇಳಿದರು. ಹೇಳಿ ಹೊರಗೆ ಬಂದೆ.

ಮೆಟ್ಟಿಲ ಮೇಲೆ ಕೂತಿದ್ದಾಗ ರೆಹೆಮಾಳ ಸಂದೇಶ ಬಂತು. ಶವಪೆಟ್ಟಿಗೆಯ ಮುಂದೆ ಹಿಡಿದು ನಡೆಯಲು ಅಮ್ಮನ ಒಳ್ಳೆಯ ಫೋಟೊ ಒಂದು ಬೇಕಂತೆ. ನೀನೇ ಫೋಟೊಗ್ರಾಫರು, ನಿನ್ನ ಹತ್ತಿರ ಇರುತ್ತದೆ ಎಂದಿದ್ದಳು. ಫೋನನ್ನೂ ಲ್ಯಾಪ್‌ಟಾಪನ್ನೂ ತಡಕಾಡಿದೆ. ಮೂರು ವರ್ಷದಲ್ಲಿ ಸಾವಿರಾರು ಫೋಟೊ ತೆಗೆದಿದ್ದೇನೆ. ಅವ್ವನದು ನೂರಿರಬಹುದು. ಬಸ್ಸಿನಲ್ಲಿ, ಸಂತೆಯಲ್ಲಿ, ಬನಿಯನ್ ಕಂಪನಿಯಲ್ಲಿ ಕಂಡ ಎಷ್ಟೋ ತಾಯಂದಿರದು ಇತ್ತು. ನನ್ನಮ್ಮನನ್ನು ನಾನು ತೆಗೆದ ಫೋಟೊ ಒಂದೂ ಇರಲಿಲ್ಲ. ನನ್ನ ಕೈಗೆ ಕ್ಯಾಮರಾ ಬಂದದ್ದು ಮನೆ ಬಿಟ್ಟ ಮೇಲೆ. ಇದ್ದದ್ದು ರೆಹೆಮಾ ಎಂದೋ ಕಳಿಸಿದ್ದು, ಮಸುಕಾದದ್ದು. ಅದನ್ನೇ ಅವಳಿಗೆ ವಾಪಸು ಕಳಿಸಿದೆ. ಅಲ್ಲೇ ಮೆಟ್ಟಿಲ ಮೇಲೆ ಅಳು ಬಂತು. ಕಚೇರಿಗೆ ಬಂದವರು ನನ್ನನ್ನು ಬಳಸಿ ಹತ್ತಿ ಹೋದರು.

ಹನ್ನೊಂದಕ್ಕೆ ಮಾವ ಫೋನು ಮಾಡಿದರು. ಟಿಕೆಟ್ಟು ಆಯಿತೇ ಎಂದು ಕೇಳಿದರು. ಆಗುತ್ತಿದೆ ಎಂದೆ.

ಮತ್ತೆ ಅನ್ನೂರು

ಟೌನ್ ಬಸ್ಸು ಇಳಿದು ಬೀದಿಯ ತಿರುವಿಗೆ ಬಂದಾಗ ದಾರಿ ತಪ್ಪಿದೆನೇನೋ ಎಂದು ಒಂದು ಗಳಿಗೆ ಅನ್ನಿಸಿತು. ಮಧ್ಯಾಹ್ನ ಮೂರು ಗಂಟೆ. ಆ ಹೊತ್ತಿನಲ್ಲಿ ಬೀದಿಯ ತುದಿಯಲ್ಲೇ ಮಗ್ಗಗಳ ಸದ್ದು ಎದೆಗೆ ಬಡಿಯಬೇಕು. ಅಲ್ಲಿದ್ದದ್ದು ಕಾಗೆಯ ಕೂಗು ಮಾತ್ರ. ಕರೆಂಟು ಹೋಗಿದೆ ಎಂದುಕೊಂಡೆ. ಮೂಲೆಯ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು. ನೇಯುವವರು ಅವರವರ ಮನೆಯ ಜಗಲಿಯ ಮೇಲೆ ಕೂತಿದ್ದರು. ನಾನು ಹಾದುಹೋಗುವಾಗ ಒಬ್ಬೊಬ್ಬರಾಗಿ ಎದ್ದು ನಿಂತರು.

ಅವ್ವ ಬಾಗಿಲಲ್ಲೇ ಇದ್ದರು. "ಬಾ ಕಣ್ಣು" ಎಂದು ಮಗುವನ್ನು ಮುದ್ದಿನಿಂದ ಕರೆಯುವಂತೆ ಕರೆದು, ನನ್ನ ಎರಡೂ ಮುಂಗೈ ಹಿಡಿದು ಅಳತೊಡಗಿದರು. ಅವರು ನನ್ನ ತಾಯಿಯನ್ನು ಫೋನಿನಲ್ಲಿ ನಾಲ್ಕಾರು ಸಲ ನೋಡಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ, ಇಬ್ಬರೂ ಗಟ್ಟಿಯಾಗಿ ಕೂಗಿ ನನ್ನ ಊಟದ ವಿಚಾರ ಮಾತಾಡುತ್ತಿದ್ದರು. "ಪಾವಂ, ನಿನ್ನ ನೋಡದೆ ಹೋದ್ಳಲ್ಲಾ" ಎಂದರು ಅವ್ವ.

ಕಿಟಕಿಯಿಂದ ಮಗ್ಗದ ಶೆಡ್ಡು ಕಾಣುತ್ತಿತ್ತು. ಎಂಟೂ ಮಗ್ಗ ನಿಂತಿದ್ದವು. ಯಾವಾಗಲೂ ಹತ್ತಿಯ ಧೂಳು ಹಾರಾಡುವ ಗಾಳಿ ಆ ದಿನ ತಿಳಿಯಾಗಿ, ಹಂಚಿನ ಸಂದಿನ ಬಿಸಿಲು ನೇರವಾಗಿ ಮಗ್ಗದ ಹಾಸುನೂಲಿನ ಮೇಲೆ ಬಿದ್ದಿತ್ತು. ಎರಡು ವರ್ಷ ಅಂಥ ಬೆಳಕಿಗೆ ಕಾದಿದ್ದೆ. ಕೈ ತಾನಾಗಿ ಕ್ಯಾಮರಾದ ಕಡೆ ಹೋಯಿತು. ಹೋದದ್ದಕ್ಕೆ ನಾಚಿಕೆಯಾಗಿ ಕೈ ಹಿಂದಕ್ಕೆ ತೆಗೆದೆ.

"ಮಗ್ಗ ಯಾಕೆ ನಿಂತಿದೆ ಅಕ್ಕ?" ಎಂದು ಮಂಜುಳಕ್ಕನನ್ನು ಕೇಳಿದೆ.

"ಬೀದೀಲಿ ಸಾವಾದ್ರೆ ಹೆಣ ಎತ್ತೋಗಂಟ ಇಲ್ಲಿ ಮಗ್ಗ ಓಡ್ಸಕಿಲ್ಲ ಕಣಪ್ಪ. ಒಲೇನೂ ಹಚ್ಚಕಿಲ್ಲ. ನೆನ್ನೆ ನೀನು ಫೋನ್ ಮಾಡ್ದೆ ನೋಡು, ಆಗ್ಲೇ ನಿಲ್ಲಿಸುದ್ರು."

"ನಮ್ಮವ್ವ ಈ ಬೀದಿಯವಳಲ್ಲವಲ್ಲ."

"ಗಂಡಸರೂ ಅದನ್ನೇ ಕೇಳುದ್ರು. ಹೆಣ ಇಲ್ಲಿಲ್ವಲ್ಲ ಅಂದ್ರು. ಅತ್ತೆ ಒಪ್ನಿಲ್ಲ. ಮಗ ಎಲ್ಲವ್ನೋ ಅಲ್ಲೇ ಸಾವು ಅಂದ್ಬುಟ್ರು. ಆಮೇಲೆ ಯಾರೂ ಮಾತಾಡ್ನಿಲ್ಲ."

ಆ ಮನೆಯವರು ಎರಡು ಹೊತ್ತಿನಿಂದ ಪಕ್ಕದ ಬೀದಿಯಿಂದ ನೆಂಟರು ತಂದುಕೊಟ್ಟದ್ದನ್ನು ತಿನ್ನುತ್ತಿದ್ದರು. ನಮ್ಮಲ್ಲಿ ಇದು ತಿರುವುಮುರುವು. ಸಾವಿನ ಮನೆಯ ಅಂಗಳದಲ್ಲಿ ಮೂರು ಒಲೆ ಹೂಡುತ್ತಾರೆ. ನೆರೆಹೊರೆಯ ಹೆಂಗಸರು ದೊಡ್ಡ ದೊಡ್ಡ ಪಾತ್ರೆಯಲ್ಲಿ ಉಗಾಲಿ ಮುದ್ದೆ ತೊಳಸುತ್ತಾರೆ, ಗಂಡಸರು ಬೆಂಕಿಯ ಸುತ್ತ ಅಲ್ಲೇ ಮಲಗುತ್ತಾರೆ. ಮಣ್ಣು ಮಾಡುವವರೆಗೆ ಯಾರೂ ಮನೆಗೆ ಹೋಗುವುದಿಲ್ಲ. ಇಲ್ಲಿ ಒಲೆ ಆರಿಸಿ ಕೂರುತ್ತಾರೆ, ಅಲ್ಲಿ ಒಲೆ ಹೂಡಿ ಕೂರುತ್ತಾರೆ. ಎರಡು ಕಡೆಯೂ ಈಗ ಜನ ಕೂತಿರುವುದು ನನ್ನ ಒಂದು ಸುಳ್ಳಿನಿಂದ ಎಂಬುದು ನನಗೆ ಆಗ ತಿಳಿಯಿತು.

ಮೇಲಿನ ಕೋಣೆಗೆ ಹೋಗಲು ಮೆಟ್ಟಿಲು ಹತ್ತುತ್ತಿದ್ದೆ. ಎದುರುಮನೆಯ ಮಗ್ಗದ ಯಜಮಾನರು ಬಂದು ರಂಗಣ್ಣನ ಜೊತೆ ಮಾತಾಡುವುದು ಕೇಳಿಸಿತು.

"ಅಲ್ಲಿ ಯಾವಾಗ ಎತ್ತಾದು ಅಂತ ಏನಾದ್ರೂ ತಿಳೀತಾ ರಂಗಣ್ಣ? ನಂದು ನಾಳೆ ಸರಕು ಅನುಪ್ಪಬೇಕು, ಲಾರಿ ಬರ್ತದೆ. ಕೇಳಿದ್ದು ಅಷ್ಟೇ, ತಪ್ಪಾ ನೆನೀಬ್ಯಾಡ."

"ತಿಳೀಲಿಲ್ಲ."

"ತಂಬಿ ಹತ್ರ ಒಂದ್ ಮಾತು ಕೇಳು."

"ನಾ ಕೇಳಲ್ಲ. ಎತ್ತಿದ್ ಮೇಲೆ ಅವ್ನೇ ಹೇಳ್ತಾನೆ."

"ಶರಿ, ಶರಿ. ಇರ್ಲಿ" ಎಂದು ಅವರು ಹೊರಟುಹೋದರು. ಗೊಣಗಲೂ ಇಲ್ಲ. ಜಗಲಿಯ ಮೇಲೆ ರಂಗಣ್ಣನ ಮಗ್ಗದಲ್ಲಿ ದಿನಗೂಲಿಗೆ ನೇಯುವ ಮೂವರು ಕೂತಿದ್ದರು. ಮಗ್ಗ ಓಡದ ದಿನ ಅವರಿಗೆ ಕೂಲಿ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಒಬ್ಬಾಕೆ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತ ಕೂತಿದ್ದಳು.

ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾವನಿಗೆ ಫೋನು ಮಾಡಿದೆ.

"ಮಾವ, ನಾನು ಬರುವುದಿಲ್ಲ. ಕಾಗದ ಇಲ್ಲ. ನಾನೇ ತಡ ಮಾಡಿದೆ. ನಿನ್ನೆಯೇ ಗೊತ್ತಿತ್ತು, ಹೇಳಲಿಲ್ಲ."

ಹಿಂದಿನಿಂದ ಹೆಂಗಸರ ಹಾಡು, ಪಾತ್ರೆಗಳ ಸದ್ದು ಕೇಳುತ್ತಿತ್ತು. ಆಮೇಲೆ ಮಾವ ಬೈದರು. ಇಷ್ಟು ಜನ ನಿನಗಾಗಿ ಅಂಗಳದಲ್ಲಿ ಮಲಗಿದ್ದಾರೆ ಎಂದರು. ನಿನ್ನ ತಾಯಿ ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿದ್ದಾಳೆ ಎಂದರು. ಎಲ್ಲವನ್ನೂ ಕೇಳಿದೆ. ಬೈದು ಬೈದು ಅವರೇ ದಣಿದರು. ಮತ್ತೆ ಮಾತಾಡಿದಾಗ ದನಿ ಬೇರೆಯಾಗಿತ್ತು.

"ಅಲ್ಲಿ ನಿನ್ನ ಜೊತೆ ಯಾರಿದ್ದಾರೆ?"

"ಒಂದು ಬೀದಿ ಇದೆ ಮಾವ."

ಹಾಗೆಂದರೇನು ಎಂದು ಕೇಳಿದರು. ಹೇಳಿದೆ. ಇದು ನೇಯುವವರ ಬೀದಿ, ಅಮ್ಮನಿಗಾಗಿ ಮಗ್ಗ ನಿಲ್ಲಿಸಿದ್ದಾರೆ, ಒಲೆ ಹಚ್ಚಿಲ್ಲ, ಅವ್ವ ಎಂಬವರು ಹಾಗೆ ತೀರ್ಮಾನ ಮಾಡಿದರು, ಮಣ್ಣಾಯಿತು ಎಂದು ನಾನು ಹೇಳುವವರೆಗೆ ಕಾಯುತ್ತಾರೆ ಎಂದೆ. ನಲವತ್ತು ವರ್ಷ ಹತ್ತಿ ಬೆಳೆದ ಮನುಷ್ಯ ನನ್ನ ಮಾವ. ಏನು ನೇಯುತ್ತಾರೆ ಎಂದು ಕೇಳಿದರು. ಹತ್ತಿಯದೇ, ಬಿಳಿ ಬಟ್ಟೆ ಎಂದೆ.

"ಆ ಮುದುಕಿಗೆ ನನ್ನ ಶಿಕಾಮೂ ಹೇಳು" ಎಂದರು. "ನಾಳೆ ಹನ್ನೊಂದಕ್ಕೆ ಮಣ್ಣು ಮಾಡುತ್ತೇವೆ. ಅವರನ್ನು ಅದಕ್ಕಿಂತ ಹೆಚ್ಚು ಕಾಯಿಸಬೇಡ."

ಕೆಳಗೆ ಬಂದು ಎಲ್ಲರ ಮುಂದೆ ಹೇಳಿದೆ. ನಾನು ಹೋಗುತ್ತಿಲ್ಲ, ಅಲ್ಲಿ ಹನ್ನೊಂದು ಎಂದರೆ ಇಲ್ಲಿ ಮಧ್ಯಾಹ್ನ ಒಂದೂವರೆ ಎಂದೆ. ಹೋಗಲಾಗದು ಎಂದು ಮೊದಲೇ ಹೇಳಿದ್ದರೆ ಇಂದೇ ಆಗಿರುತ್ತಿತ್ತು, ತಪ್ಪಾಯಿತು ಎಂದೂ ಹೇಳಿದೆ. ರಂಗಣ್ಣ ಕೈ ಎತ್ತಿ, ಸಾಕು ಎಂಬ ಸನ್ನೆ ಮಾಡಿದರು. ಅವ್ವ ಮಾತ್ರ, "ಹೋಗಲ್ಲ ಅಂತ ಹೇಳಕ್ಕೆ ಎರಡು ದಿನ ಬೇಕು ಕಣ್ಣು. ಯಾರಿಗಾದ್ರೂ ಬೇಕು" ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮಾವನ ಶಿಕಾಮೂ ತಲುಪಿಸಿ ಅರ್ಥ ಹೇಳಿದೆ. ಕಾಲು ಯಾಕೆ ಹಿಡೀತಾರೆ, ಅವರಿಗಿಂತ ನಾನು ಮೂತವಳಾ ಎಂದು ಕೇಳಿದರು. ವಯಸ್ಸು ಲೆಕ್ಕ ಹಾಕಿದರೆ ಮೂತವರೇ. ಆ ಎರಡು ದಿನದಲ್ಲಿ ಅಲ್ಲಿ ಯಾರಾದರೂ ಸ್ವಲ್ಪ ನಕ್ಕಿದ್ದರೆ ಅದೊಂದೇ ಸಲ.

ಮರುದಿನ ಒಂದೂವರೆಗೆ ರೆಹೆಮಾ ಗುಂಡಿಯ ಹತ್ತಿರ ನಿಂತು ಫೋನು ಹಿಡಿದಳು. ಕೆಂಪು ಮಣ್ಣಿನ ದಿಬ್ಬ ಕಂಡಿತು, ಹೆಂಗಸರ ಬಣ್ಣದ ಕಾಂಗಾ ಬಟ್ಟೆಗಳು ಕಂಡವು. ಗಾಳಿಯ ಸದ್ದೇ ಹೆಚ್ಚು. ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಲು ಶುರು ಮಾಡಿದಾಗ ಚಿತ್ರ ನಿಂತುಹೋಯಿತು. ಮತ್ತೆ ಮತ್ತೆ ಕರೆ ಮಾಡಿದೆ, ಸಿಗಲಿಲ್ಲ. ಅರ್ಧ ಗಂಟೆಯ ಮೇಲೆ ಅವಳ ದನಿಯ ಸಂದೇಶ ಬಂತು. "ಆಯಿತು ಅಣ್ಣ. ಮೊದಲ ಮಣ್ಣು ಮಾವ ಹಾಕಬೇಕೆಂದರು. ನಾನು ಬಿಡಲಿಲ್ಲ. ನಿನ್ನ ಹೆಸರು ಹೇಳಿ ನಾನು ಹಾಕಿದೆ. ಆಮೇಲೆ ನನ್ನದು ಹಾಕಿದೆ." ಅದನ್ನು ಎರಡು ಸಲ ಕೇಳಿದೆ. ನನ್ನಮ್ಮನಿಗೆ ನನ್ನ ಕೈಯಿಂದ ಆಗಬೇಕಾದದ್ದು ಏನೂ ಉಳಿದಿಲ್ಲ ಎಂದು ಅನ್ನಿಸಿ, ಹಾಗೇ ಕೆಳಗೆ ಇಳಿದು ಬಂದೆ.

ಜಗಲಿಯ ಮೇಲಿದ್ದವರೆಲ್ಲ ಎದ್ದರು.

"ಎತ್ತಿದ್ರಾ ಕಣ್ಣು?" ಎಂದರು ಅವ್ವ.

"ಎತ್ತಿದ್ರು ಅವ್ವ. ಮಣ್ಣೂ ಆಯ್ತು."

ಮಂಜುಳಕ್ಕ ಬಾಗಿಲಿನಿಂದ ಬೀದಿಯವರೆಗೆ ಬಿಂದಿಗೆಯ ನೀರು ಸುರಿದರು. ಹಿತ್ತಿಲಲ್ಲಿ ನನ್ನ ತಲೆಯ ಮೇಲೂ ಅವ್ವ ನೀರು ಹುಯ್ದರು. ಒದ್ದೆ ಬಟ್ಟೆಯಲ್ಲೇ ಶೆಡ್ಡಿನ ಬಾಗಿಲಿಗೆ ಬಂದೆ. ಎದುರುಮನೆಯ ಯಜಮಾನರು, ಅವರ ನೇಕಾರರು, ಬೀದಿಯ ಉಳಿದವರು ಅವರವರ ಮಗ್ಗದ ಹತ್ತಿರ ಹೋಗಿ ನಿಂತಿದ್ದರು. ರಂಗಣ್ಣನ ಕೈ ಮೊದಲ ಮಗ್ಗದ ಸ್ವಿಚ್ಚಿನ ಮೇಲಿತ್ತು. ಒತ್ತಲಿಲ್ಲ. ಯಾವತ್ತೂ ಕೈಸನ್ನೆಯಲ್ಲೇ ಮುಗಿಸುವ ಮನುಷ್ಯ ನನ್ನ ಕಡೆ ತಿರುಗಿ ಬಾಯಿಬಿಟ್ಟು ಕೇಳಿದರು.

"ಓಡಿಸ್ಲಾ ತಂಬಿ?"

ಯಾಕೆ ನನ್ನನ್ನು ಕೇಳುತ್ತಾರೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಆ ಮಾತನ್ನು ಸತ್ತವಳ ಮಗನೇ ಹೇಳಬೇಕು. ಬೇರೆ ಯಾರು ಹೇಳಿದರೂ ಆ ಬೀದಿಯಲ್ಲಿ ಒಂದು ಮಗ್ಗವೂ ಓಡುತ್ತಿರಲಿಲ್ಲ.

"ಓಡಿಸಿ ಅಣ್ಣ" ಎಂದೆ.